ಬಬ್ಬೂರಿ

ಸುಚಿತ್ರಾ ತವರಿನಿಂದ ತಂದ ವೈರ್ ಬುಟ್ಟಿಯನ್ನು ಹೊಸ್ತಿಲ ಒಳಗೆ ಇಡುವ ಮೊದಲೇ ಅದರೊಳಗಿಂದ 'ಮಿಯಾಂವ್' ಎಂದು ಕೇಳಿಬಿಟ್ಟಿತು. ಅಕ್ಕಿ ಆರಿಸುತ್ತಿದ್ದ ಅತ್ತೆ ಮಹಾದೇವಮ್ಮ ಮೊರ ಪಕ್ಕಕ್ಕಿಟ್ಟು ಎದ್ದು ಬಂದರು.

"ಏನದು?"

"ಬೆಕ್ಕಿನ ಮರಿ ಅತ್ತೆ. ನಮ್ಮವ್ವನ ಮನೇದು. ತಾಯಿ ಹೈವೇಲಿ ಲಾರಿಗೆ ಸಿಕ್ತು, ಪಾಪ."

"ಏನು ತಿಂದು ಬೆಳ್ದೈತೆ ಅದು?"

ಮದುವೆಯಾದಾಗಿನಿಂದ ಇಂಥ ಪ್ರಶ್ನೆಗಳನ್ನು ನುಂಗಿಕೊಂಡೇ ಬಂದವಳು ಸುಚಿತ್ರಾ. ಇವತ್ತು ಯಾಕೋ ಗಂಟಲಲ್ಲಿ ಇಳಿಯಲಿಲ್ಲ.

"ನಾನು ತಿಂದು ಬೆಳ್ದಿದ್ದನ್ನೇ," ಅಂದಳು.

ಬಾಗಿಲಲ್ಲೇ ನಿಂತಿದ್ದ ಗಂಡ ಬಸವೇಶನಿಗೆ ತಟ್ಟನೆ ಅಂಗಡಿಯ ಕೆಲಸ ನೆನಪಾಯಿತು. ಪ್ರೀತಿಸಿ ಮದುವೆಯಾಗುವಾಗ ಊರನ್ನೇ ಎದುರು ಹಾಕಿಕೊಂಡ ಗಂಡಸು ಅವನು. ಅಮ್ಮನ ಮುಂದೆ ಮಾತ್ರ ಯಾವಾಗಲೂ ಚಪ್ಪಲಿ ಹುಡುಕುತ್ತಿದ್ದ.

ಹಿರಿಯೂರಿನ ಆ ಓಣಿಯಲ್ಲಿ ಮಹಾದೇವಮ್ಮನ ಬೆಕ್ಕುಗಳ ಆಚಾರ ಹೆಸರುವಾಸಿ. ಗಂಗಿ, ಗೌರಿ ಎಂಬ ಎರಡು ದೊಡ್ಡ ಬೆಕ್ಕುಗಳು. ಯಜಮಾನತಿಯ ಲಿಂಗಪೂಜೆ ಮುಗಿಯುವವರೆಗೆ ಪಕ್ಕದಲ್ಲಿ ಕಾಲು ಮಡಚಿ ಕೂತು, ಆಮೇಲೇ ಹಾಲಿಗೆ ಬಾಯಿ ಹಾಕುತ್ತಿದ್ದವು. "ಇಲಿ ಸೈತ ಮುಟ್ಟಲ್ಲ ನೋಡ್ರಿ ನನ್ನ ಮಕ್ಳು," ಎಂದು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಹಾಗಾದರೆ ಹಿತ್ತಲ ಕೋಣೆಯ ಕಡಲೆಕಾಯಿ ಚೀಲಗಳಿಗೆ ಒಂದು ತೂತೂ ಇಲ್ಲವಲ್ಲ, ಇಲಿಗಳೂ ಆಚಾರ ಹಿಡಿದವೇನು ಎಂದು ಯಾರೂ ಕೇಳಿರಲಿಲ್ಲ.

ಅದೇ ಆಚಾರಕ್ಕೆ ಅಂಜಿ ಸುಚಿತ್ರಾಳ ತಾಯಿ ಕಾಟಮ್ಮ ಮಗಳನ್ನು ನೋಡಲು ಬಂದಾಗಲೆಲ್ಲ ಜಗಲಿಯ ಮೇಲೆ ಕೂತು, ಹಾಗೇ ಎದ್ದು ಹೋಗುತ್ತಿದ್ದಳು. ಬಬ್ಬೂರಿನಲ್ಲಿ ಕೂಲಿ ಮಾಡುವ, ಬಾಡು ಉಣ್ಣುವ ಮನೆಯ ಹೆಂಗಸು. ಒಳಗೆ ಬರಬೇಡ ಎಂದು ಯಾರೂ ಅಂದಿರಲಿಲ್ಲ. ಬಾ ಎಂದೂ ಅಂದಿರಲಿಲ್ಲ. ಸುಚಿತ್ರಾಳ ಹೊಟ್ಟೆ ಉರಿಯುತ್ತಿದ್ದುದು ಅದಕ್ಕೇ.

"ನಾನೇನು ಬ್ಯಾಡ ಅನ್ನಲ್ಲಮ್ಮ," ಅಂದರು ಮಹಾದೇವಮ್ಮ. "ಗಂಗಿ ಗೌರಿ ಒಪ್ಪಬೇಕಲ್ಲ? ಅವು ಒಪ್ಪಿದ್ರೆ ಆ ಬಬ್ಬೂರಿಂದು ಇರ್ಲಿ."

ಓಣಿಯ ಹೆಂಗಸರ ಮುಂದೆ ತನ್ನನ್ನೂ ಅವರು 'ಬಬ್ಬೂರಿನೋಳು' ಎಂದೇ ಅನ್ನುವುದು ಸುಚಿತ್ರಾಳಿಗೆ ಗೊತ್ತಿತ್ತು. "ಹೆಸ್ರು ಚೆನ್ನಾಗೈತೆ ಅತ್ತೆ. ಬಬ್ಬೂರಿ ಅಂತ್ಲೇ ಕರೀತೀನಿ," ಎಂದು ಬುಟ್ಟಿ ಎತ್ತಿಕೊಂಡು ಒಳಗೆ ನಡೆದೇಬಿಟ್ಟಳು.

ಹೊಸಬರನ್ನು ಒಂದೇ ಏಟಿಗೆ ನಡುಮನೆಯಲ್ಲಿ ಬಿಟ್ಟರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು; ಅವಳನ್ನು ಹಾಗೇ ಬಿಟ್ಟಿದ್ದರು. ಮರಿಯನ್ನು ಕಡಲೆಕಾಯಿ ಕೋಣೆಯಲ್ಲಿಟ್ಟು ಬಾಗಿಲು ಹಾಕಿದಳು. ಗಂಗಿ ಮಲಗುವ ಕಂಬಳಿ ಚೂರಿನಿಂದ ಮರಿಯ ಮೈ ಒರೆಸಿದಳು. ಮರಿ ಮಲಗಿದ ಬಟ್ಟೆಯನ್ನು ಗಂಗಿಯ ಪಕ್ಕ ಹಾಸಿದಳು. ಬಾಗಿಲ ಒಳಗೊಂದು ಬಟ್ಟಲು ಹಾಲು, ಹೊರಗೆರಡು. ಗೌರಿ ಬಾಗಿಲ ಸಂದಿಗೆ ಮೂಗಿಟ್ಟು ಬುಸುಗುಟ್ಟಿ ಅಟ್ಟ ಹತ್ತಿದ್ದು, ಹಾಲಿಗೆ ಬಿಟ್ಟರೆ ಇಳಿಯಲಿಲ್ಲ. ಗಂಗಿ ಬೆನ್ನ ಕೂದಲು ನಿಗುರಿಸಿಕೊಂಡು ಅಲ್ಲೇ ಕಾವಲು ಕೂತಿತು.

"ನೋಡಿದ್ಯಾ? ವಾಸ್ನೆ ಗೊತ್ತಾಗ್ತೈತೆ ಅವಕ್ಕೆ," ಅಂದರು ಮಹಾದೇವಮ್ಮ. ದನಿಯಲ್ಲಿದ್ದ ಖುಷಿಯನ್ನು ಮುಚ್ಚಿಡಲೂ ಹೋಗಲಿಲ್ಲ.

"ಗೊತ್ತಾಗ್ಲಿ ಬಿಡ್ರಿ. ವಾಸ್ನೆ ಬದ್ಲಾಗಲ್ಲ. ಮೂಗಿಗೇ ರೂಢಿ ಆಗ್ಬೇಕು."

ಬುಸುಗುಟ್ಟುವುದು ಕಡಿಮೆಯಾದ ಮೇಲೆ ಒಂದು ಬೆಳಿಗ್ಗೆ ಬಾಗಿಲು ತೆರೆದಳು. ಗಂಗಿ ಮರಿಯ ಸುತ್ತ ಒಂದು ಸುತ್ತು ಬಂದಿತು, ಮೂಸಿತು, ಕಾಲೆತ್ತಿ ಕೆನ್ನೆಗೊಂದು ಬಿಟ್ಟು ಹಿತ್ತಲ ಗೋಡೆ ಹಾರಿ ಹೋಯಿತು. ಮರಿ ಮುದುರಿ ಕೂತಿತು.

"ಮುಗೀತಲ್ಲ. ಸಂಜೆ ಬಸ್ಸಿಗೆ ವಾಪಸ್ ಬಿಟ್ಟು ಬಾ," ಅಂದರು ಮಹಾದೇವಮ್ಮ.

"ಬಿಡಲ್ಲ ಅತ್ತೆ."

"ಏನಂದೆ?"

"ಬಿಡಲ್ಲ ಅಂದೆ. ಹೋದ್ರೆ ನಾವಿಬ್ರೂ ಒಟ್ಟಿಗೇ ಹೋಗ್ತೀವಿ."

ಅಂದವಳೇ ಮರಿಯ ಪಕ್ಕ ನೆಲದ ಮೇಲೆ ಕೂತಳು. ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಮಹಾದೇವಮ್ಮ ಮುಖ ತಿರುಗಿಸಿ ಪೂಜೆಗೆ ಕೂತರು. ಮುಗಿಸಿ, ಹಣೆ ತುಂಬ ವಿಭೂತಿ, ಕೈಯಲ್ಲಿ ಹಾಲಿನ ಬಟ್ಟಲು ಹಿಡಿದು, "ಗಂಗೀ, ಬಾರವ್ವ," ಎಂದು ಕೂತಲ್ಲಿಂದಲೇ ಕರೆದರು.

ಗಂಗಿ ಬಂದಿತು. ಬಾಯಲ್ಲಿ ಬಾಲ ಅಲ್ಲಾಡುತ್ತಿದ್ದ ದಪ್ಪ ಇಲಿ. ಹಾಲಿನತ್ತ ಕಣ್ಣೆತ್ತಿಯೂ ನೋಡದೆ ಯಜಮಾನತಿಯ ಮುಂದೆಯೇ ಹಾದು ಹೋಗಿ, ಬಬ್ಬೂರಿಯ ಮುಂದೆ ಇಲಿಯನ್ನು ಹಾಕಿ, ತಿನ್ನು ಎಂಬಂತೆ ಕಾಲಿನಿಂದ ದೂಡಿತು. ಕತ್ತಿಗೆ ಹಲ್ಲು ಊರಿದ್ದ ಅಚ್ಚುಕಟ್ಟು ನೋಡಿದರೆ ಗೊತ್ತಾಗುತ್ತಿತ್ತು, ಅದು ಮೊದಲನೇ ಇಲಿಯಲ್ಲ. ಮರಿ ಹಿಂದೆಮುಂದೆ ನೋಡದೆ ಬಾಯಿ ಹಾಕಿತು.

"ಶಿವಶಿವಾ! ಹೊರಗೆ ಹಾಕೇ ಅದನ್ನ!"

"ಯಾವ ಬೆಕ್ಕನ್ನ ಹಾಕ್ಲಿ ಅತ್ತೆ? ತಂದು ಕೊಟ್ಟಿದ್ದನ್ನೋ, ತಿಂತಿರೋದನ್ನೋ?"

ಮಹಾದೇವಮ್ಮ ಹಾಲಿನ ಬಟ್ಟಲನ್ನು ಕೆಳಗಿಟ್ಟರು. ಅಷ್ಟರಲ್ಲಿ ಗಂಗಿ ಮೀಸೆ ನೆಕ್ಕಿಕೊಳ್ಳುತ್ತ ಬಂದು ದಿನದಂತೆ ಅವರ ತೊಡೆ ಏರಿತು. ದೂಡಲೆಂದು ಎತ್ತಿದ ಕೈ ಇಷ್ಟು ವರ್ಷದ ಅಭ್ಯಾಸಕ್ಕೆ ಸಿಕ್ಕಿ ಅದರ ಬೆನ್ನ ಮೇಲೇ ಇಳಿಯಿತು.

ಸುಚಿತ್ರಾ ಅತ್ತೆಯನ್ನೇ ನೋಡುತ್ತ ಮೊಬೈಲ್ ಕಿವಿಗಿಟ್ಟಳು.

"ಅವ್ವಾ, ಭಾನುವಾರ ಬಾ. ಜಗಲಿ ಮ್ಯಾಲಲ್ಲ, ನಡುಮನೇಲಿ ಕುಂತ್ಕಂಡು ಉಣ್ಣಾಣ."

ಆ ಕಡೆಯಿಂದ ಕಾಟಮ್ಮ ಅಂಜುತ್ತ ಕೇಳಿದಳು: "ನಿಮ್ಮತ್ತೆ ಏನಂತಾರೋ ಏನೋ?"

"ಏನಂತಾರವ್ವ? ಇಲಿ ಹಿಡ್ದ ಬೆಕ್ಕನ್ನ ತೊಡೆ ಮ್ಯಾಲೆ ಕುಂದ್ರಿಸ್ಕಂಡು ಬೆನ್ನು ಸವರ್ತಾ ಅವ್ರೆ. ನೀನು ಬಾ."