ಪಕ್ಕದ ಕೊಠಡಿಯವಳು

ಆ ಕಾನ್ವೆಂಟಿನಲ್ಲಿ ಶುಕ್ರವಾರದ ಕಡೆಯ ಪೀರಿಯಡ್ಡಿಗೆ ಆರನೇ ತರಗತಿ ಎರಡು ಪಾಲಾಗುತ್ತಿತ್ತು. ಕ್ರೈಸ್ತ ಮಕ್ಕಳಿಗೆ ಸಿಸ್ಟರ್ ಐರಿನ್ ಅವರ ಧರ್ಮೋಪದೇಶ, ಉಳಿದವರಿಗೆ ಪಕ್ಕದ ಕೊಠಡಿಯಲ್ಲಿ ನೀತಿಪಾಠ. ಬಹಳ ದಿನ ರಜೆ ಹಾಕಿ ಅಂದೇ ಬಂದಿದ್ದ ಸಿಂಚನ ಮಾತ್ರ ಪಕ್ಕಕ್ಕೆ ಹೋಗದೆ ಸಿಸ್ಟರ್ ಎದುರಿನ ಬೆಂಚಿನಲ್ಲೇ ಕೂತುಬಿಟ್ಟಳು.

“ನಿನ್ನ ಕ್ಲಾಸು ಪಕ್ಕದ್ದಲ್ವೇನಮ್ಮ? ಏಳು.”

“ಇವತ್ತೊಂದಿನ ಇಲ್ಲೇ ಇರ್ತೀನಿ ಸಿಸ್ಟರ್.”

ಸಿಸ್ಟರ್ ಒಮ್ಮೆ ಬಾಗಿಲ ಕಡೆ ನೋಡಿದರು. ಮಕ್ಕಳ ಮತ ಕೆಡಿಸುತ್ತೀರೆಂದು ಹೋದ ವರ್ಷ ಗೇಟಿನ ಮುಂದೆ ಜನ ಸೇರಿ ಕೂಗಾಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು.

“ಇಲ್ಲಿ ಕೂರು ಅಂತ ಯಾರು ಹೇಳಿಕೊಟ್ರು ನಿಂಗೆ? ಮನೇಲಿ ಗೊತ್ತಾದ್ರೆ ನನ್ನ ಗತಿ ಏನು? ನಾಳೆ ನಿಮ್ಮಮ್ಮನ್ನ ಕರ್ಕೊಂಡು ಬಾ, ನಾನೇ ಮಾತಾಡ್ತೀನಿ.”

ಹುಡುಗಿ ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲವರೆಗೆ ಹೋದವಳು ಅಲ್ಲೇ ತಿರುಗಿ ನಿಂತಳು.

“ಯೇಸು ಸತ್ತು ಮೂರನೇ ದಿನ ಎದ್ದು ಬಂದ್ರು ಅಂತ ನೀವು ಪಾಠ ಮಾಡಿದ್ದು ನಮ್ಮ ಕ್ಲಾಸಿಗೂ ಕೇಳಿಸ್ತಿತ್ತು ಸಿಸ್ಟರ್. ಅವರನ್ನ ಸಮಾಧಿ ಮಾಡಿದ್ರಲ್ವಾ?”

“ಹೌದು. ಅದಕ್ಕೇನೀಗ?”

“ನಮ್ಮಮ್ಮನ್ನ ಸುಟ್ಟುಬಿಟ್ರು ಸಿಸ್ಟರ್. ಸುಟ್ಟಮೇಲೂ ಎದ್ದು ಬರ್ತಾರಾ?”