ಮುಲಾಜಿಲ್ಲದ ಮಾನಿಟರ್

"ಯಾರೇ ಮಾತಾಡಿದ್ರೂ ಬೋರ್ಡ್ ಮೇಲೆ ಹೆಸರು ಬರಿ, ಮುಲಾಜು ಬೇಡ. ಮತ್ತೆ ಮಾತಾಡಿದ್ರೆ ಪ್ಲಸ್ ಹಾಕು," ಎಂದು ಮಾನಿಟರ್ ಶಾಂಭವಿಗೆ ಹೇಳಿ ಗಣಿತದ ಮೇಡಂ ನೋಟ್ಸ್ ತಿದ್ದಲು ಕುಳಿತರು.

ಹಿಂದಿನ ಬೆಂಚಿನಲ್ಲಿ ಪಿಸುಮಾತು ಶುರುವಾಯಿತು.

"ಆ ಸಿನಿಮಾದಲ್ಲಿ ಒಂದು ಹಾಡೂ ಚೆನ್ನಾಗಿಲ್ಲ ಕಣೇ."

"ಹಾಡು ಬಿಡೇ, ಕಾರ್ ರೇಸ್ ಗೇಮಲ್ಲಿ ನಾನು ನಲವತ್ತನೇ ಲೆವೆಲ್!"

ಶಾಂಭವಿ ಇಬ್ಬರ ಹೆಸರನ್ನೂ ಬರೆದಳು.

ಮೇಡಂ ತಟ್ಟನೆ ತಲೆಯೆತ್ತಿದರು. "ನಲವತ್ತಾ? ಆ ಸೇತುವೆ ಹೆಂಗೆ ದಾಟ್ದೆ? ನಾನು ವಾರದಿಂದ ನೀರಿಗೇ ಬೀಳ್ತಿದೀನಿ!"

ತರಗತಿ ಹೋ ಎಂದು ನಕ್ಕಿತು. ಮೇಡಂ ಹಿಂದಿನ ಬೆಂಚಿಗೇ ಹೋಗಿ ಕೂತರು. "ಬ್ರೇಕ್ ಯಾವಾಗ ಒತ್ತಬೇಕು, ಬೇಗ ಹೇಳೇ!"

ಬಾಗಿಲಲ್ಲಿ ಹೆಡ್‌ಮಾಸ್ಟರ್ ನಿಂತಿದ್ದರು. "ಯಾರದು ಗಲಾಟೆ?"

ಶಾಂಭವಿ ಬೋರ್ಡಿನ ಮುಂದಿನಿಂದ ಪಕ್ಕಕ್ಕೆ ಸರಿದಳು. ಅಲ್ಲಿ ಮೂರು ಹೆಸರಿದ್ದವು. ಪ್ಲಸ್ ಇದ್ದದ್ದು ಕೊನೆಯದಕ್ಕೆ ಮಾತ್ರ: ಗಣಿತದ ಮೇಡಂ.