ಕೆಮ್ಮು ಕೇಳುವ ಡಬ್ಬಿ

ಗೋಡೆಯ ಮೇಲಿನ ಡಬ್ಬಿ ಕೆಮ್ಮು ಕೇಳಿಸಿಕೊಂಡು ಕೆಂಪಾಗದ ಹೊರತು ಯಾವ ಆಸ್ಪತ್ರೆಯೂ ಗಾಡಿ ಕಳಿಸುತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಇದೇ ಪದ್ಧತಿ. ಫಣಿರಾಜನಂತೂ ಪ್ರತಿ ಶುಕ್ರವಾರ ಡಬ್ಬಿಯ ಧೂಳು ಒರೆಸಿ, ಅದಕ್ಕೊಂದು ಹೂವನ್ನೂ ಇಡುತ್ತಿದ್ದ.

ಅವನ ಹೆಂಡತಿ ಸುಗುಣಳಿಗೆ ಮೂರು ದಿನದಿಂದ ಜ್ವರ. ಎದೆಯಲ್ಲಿ ಕಫ ಗೊರಗೊರ ಎನ್ನುತ್ತಿತ್ತು. ಆದರೆ ಹನ್ನೊಂದು ವರ್ಷದಿಂದ ಕಾಡುತ್ತಿದ್ದ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಮೊದಲು ಅವಳ ಕಾಲಿನ, ಆಮೇಲೆ ಕೈಯ, ಈಗ ಎದೆಯ ಬಲವನ್ನೂ ತಿಂದುಹಾಕಿತ್ತು. ಅವಳು ಕೆಮ್ಮಿದರೆ ನಿಟ್ಟುಸಿರಿನಷ್ಟೂ ಸದ್ದಾಗುತ್ತಿರಲಿಲ್ಲ. ಡಬ್ಬಿ ಹಸಿರಾಗಿಯೇ ಇತ್ತು.

"ಇನ್ನೊಂದ್ ಸಲ, ಸುಗುಣ. ಜೋರಾಗಿ."

"ಆಗ್ತಿಲ್ಲ ರೀ."

ಮಧ್ಯಾಹ್ನದ ಹೊತ್ತಿಗೆ ಅವಳ ತುಟಿ ನೀಲಿಗಟ್ಟಿತು. ದಿಕ್ಕು ತೋಚದ ಫಣಿರಾಜ ಅವಳ ದಿಂಬಿನ ಮೇಲೆ ತಾನೂ ತಲೆಯಿಟ್ಟು, ಗಂಟಲು ಹರಿಯುವ ಹಾಗೆ ಅವಳ ಪರವಾಗಿ ಕೆಮ್ಮಿದ. ಡಬ್ಬಿ ಕೆಂಪಾಯಿತು. ಗಾಡಿ ಬಂದೇ ಬಂತು.

ಒಳಗೆ ಬಂದ ಇಬ್ಬರು ಆಳುಗಳು ಡಬ್ಬಿ ನೋಡಿ, ನೇರವಾಗಿ ಅವನ ರಟ್ಟೆ ಹಿಡಿದರು.

"ನನಗೇನೂ ಆಗಿಲ್ಲ ಸ್ವಾಮಿ! ಅವಳನ್ನ ಕರ್ಕೊಂಡ್ ಹೋಗಿ!"

"ಗಂಡಸಿನ ಕೆಮ್ಮು ಅಂತ ಬಂದಿದೆ, ಯಜಮಾನ್ರೇ. ಕೆಮ್ಮಿರೋರನ್ನ ಮನೇಲಿ ಬಿಡೋ ಹಾಗಿಲ್ಲ. ಹದಿನೈದು ದಿನ ಅಷ್ಟೆ. ಅಮ್ಮಾವ್ರು ಹುಷಾರಾಗಿದಾರಲ್ಲ, ಒಂದ್ ಸಲಾನೂ ಕೆಮ್ಮಿಲ್ಲ."

ಹೊಸ್ತಿಲು ದಾಟಿಸುವಾಗ ಅವನು ಕತ್ತು ತಿರುಗಿಸಿ ನೋಡಿದ. ಸುಗುಣ ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ, ಬಾಯಿ ತೆರೆದು ಕೆಮ್ಮುತ್ತಿದ್ದಳು. ಶುಕ್ರವಾರದ ಹೂವಿನ ಕೆಳಗೆ ಡಬ್ಬಿ ಮತ್ತೆ ಹಸಿರಾಯಿತು.